ಮಾರಬಾರದ ಸಾಮಾನು

ಹೋದ ವರ್ಷ ನಾಗರ ಪಂಚಮಿಗೆ ಎರಡು ದಿನ ಮೊದಲು, ನಮ್ಮ ಕಂಪನಿಯ ಯಲಬುರ್ಗಾ ಅಂಗಡಿಯ ಉಸ್ತುವಾರಿಯಾಗಿದ್ದ ಹೆಣ್ಣುಮಗಳನ್ನು ಕೆಲಸದಿಂದ ತೆಗೆಯಲಾಯಿತು. ಅವರು ಮಾಡಿದ್ದಿಷ್ಟೆ: ಅಂಗಡಿಗೆ ಬಂದ ಗಿರಾಕಿಗಳಿಗೆ ಅಂಗಡಿಯಲ್ಲಿದ್ದ ಸಾಮಾನು ಮಾರಿದ್ದರು. ಬಿಲ್ಲು ಹಾಕಿಯೇ ಮಾರಿದ್ದರು. ಬಂದ ಹಣ ಗಲ್ಲಾಪೆಟ್ಟಿಗೆಯಲ್ಲೇ ಇತ್ತು. ಅದರ ಬಗ್ಗೆ ಅಂದೂ ಆಮೇಲೂ ಯಾರೂ ತಕರಾರು ಎತ್ತಿಲ್ಲ.

ಆ ದಿನ ನಾನು ಅಲ್ಲಿದ್ದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಊರುಗಳಲ್ಲಿ ಕಂಪನಿಯ ಅಂಗಡಿಗಳಿದ್ದವು. ಕೊಪ್ಪಳದ ಗೋದಾಮಿನಿಂದ ಯಾವ ಅಂಗಡಿಗೆ ಏನು ಹೋಗಬೇಕೆಂದು ನೋಡಿ ಟೆಂಪೊಗೆ ಹೇರಿಸುವುದು ನನ್ನ ಕೆಲಸ. ಅದಕ್ಕೂ ಮೊದಲು ಒಂದು ಪತ್ರಿಕೆಯ ಜಿಲ್ಲಾ ಕಚೇರಿಯಲ್ಲಿ ಸುದ್ದಿ ತಿದ್ದುತ್ತಿದ್ದೆ. ಆ ಕಚೇರಿ ಮುಚ್ಚಿತು, ಇಲ್ಲಿಗೆ ಬಂದೆ.

ಕಿರಾಣಿ, ಬಟ್ಟೆ, ಸ್ಟೀಲ್ ಪಾತ್ರೆ ಎಲ್ಲವೂ ಒಂದೇ ಕಡೆ ಸಿಗುವ ದೊಡ್ಡ ಅಂಗಡಿಗಳು ನಮ್ಮವು. ಶುರು ಮಾಡಿದ ಹಿರಿಯ ಮಾಲೀಕರು ಇರುವವರೆಗೆ ವ್ಯಾಪಾರ ಚೆನ್ನಾಗಿತ್ತು. ಅವರು ಹಾಸಿಗೆ ಹಿಡಿದ ಮೇಲೆ ಮಗ ಮಾಲೀಕರಾದರು. ಆಡಳಿತ ಕಚೇರಿ ದೊಡ್ಡ ಊರಿಗೆ ಹೋಯಿತು. ಸಗಟು ವ್ಯಾಪಾರಿಗಳು ಒಬ್ಬೊಬ್ಬರಾಗಿ ಮಾಲು ಕಳಿಸುವುದನ್ನು ನಿಲ್ಲಿಸಿದರು. ಕಪಾಟಿನ ಮುಂದಿನ ಸಾಲಿನಲ್ಲಿ ಒಂದೊಂದೇ ಡಬ್ಬಿ ನಿಲ್ಲಿಸಿ, ಹಿಂದೆ ಖಾಲಿ ರಟ್ಟಿನ ಪೆಟ್ಟಿಗೆ ಇಡುವುದನ್ನು ಕಲಿತೆವು. ಗಂಗಾವತಿ ಅಂಗಡಿಯ ಸುತ್ತ ಎತ್ತ ನೋಡಿದರೂ ಅಕ್ಕಿ ಗಿರಣಿಗಳು. ಆ ಅಂಗಡಿಗೆ ಹೊರಗಿನ ರಾಜ್ಯದಿಂದ ಬಣ್ಣದ ಚೀಲದಲ್ಲಿ ಅಕ್ಕಿ ಬರುತ್ತಿತ್ತು. ಗಂಗಾವತಿಯವರು ಅದನ್ನು ಕೊಳ್ಳಲಿಲ್ಲ. ಹುಳ ಬಿದ್ದ ಚೀಲಗಳನ್ನು ನಾವೇ ಹೊತ್ತು ಹೊರಗೆ ಹಾಕಿದೆವು. ಮುಂದಿನ ಲಾರಿಯಲ್ಲಿ ಮತ್ತೆ ಅದೇ ಅಕ್ಕಿ ಬಂತು.

ಸಾಮಾನು ಬರುವುದು ಕಡಿಮೆಯಾದಷ್ಟೂ ಮೊಬೈಲಿಗೆ ಸಂದೇಶ ಬರುವುದು ಹೆಚ್ಚಿತು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಎಲ್ಲರೂ ಸಾಲಾಗಿ ನಿಂತು ಚಪ್ಪಾಳೆ ತಟ್ಟಬೇಕು, "ನಾವೆಲ್ಲ ಒಂದೇ ಕುಟುಂಬ" ಎಂದು ಕೂಗಬೇಕು, ವಿಡಿಯೊ ಮಾಡಿ ಕಂಪನಿಯ ಮೊಬೈಲ್ ಗುಂಪಿಗೆ ಹಾಕಬೇಕು. ವಿಡಿಯೊದಲ್ಲಿ ಖಾಲಿ ಕಪಾಟು ಕಾಣಬಾರದು ಎಂಬ ಸೂಚನೆ ಬೇರೆ. ಕುಷ್ಟಗಿ ಅಂಗಡಿಯಲ್ಲಿ ಖಾಲಿ ಕಪಾಟು ಕಾಣದ ಜಾಗವೆಂದರೆ ಕಕ್ಕಸಿನ ಪಕ್ಕದ ಗೋಡೆ ಮಾತ್ರ. ಅಲ್ಲಿನವರು ದಿನಾ ಆ ಗೋಡೆಗೆ ಬೆನ್ನು ಮಾಡಿ ನಿಂತು ಕುಟುಂಬ ಎಂದು ಕೂಗುತ್ತಿದ್ದರು. ಮಾಲೀಕರು ಅದಕ್ಕೆ ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದರು.

ಯಲಬುರ್ಗಾದ ಉಸ್ತುವಾರಿಯನ್ನು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಅದೇ ಊರಿನವರು. ಅಂಗಡಿ ತೆರೆದ ದಿನದಿಂದ ಅಲ್ಲಿದ್ದರು, ಬಟ್ಟೆ ಮಡಚುವ ಕೆಲಸದಿಂದ ಉಸ್ತುವಾರಿವರೆಗೆ ಬಂದಿದ್ದರು. ಕೈಕೆಳಗಿದ್ದವರೆಲ್ಲ ಅದೇ ಓಣಿಗಳ ಹೆಣ್ಣುಮಕ್ಕಳು. ವ್ಯಾಪಾರ ಏರದಿದ್ದರೆ ಯಲಬುರ್ಗಾ ಅಂಗಡಿಯನ್ನೇ ಮೊದಲು ಮುಚ್ಚುವುದೆಂದು ಆಡಳಿತ ಕಚೇರಿಯವರು ಅವರಿಗೆ ಆಷಾಢದಲ್ಲೇ ಹೇಳಿದ್ದರು. ಆ ದಿನದಿಂದ ಅವರು ನನಗೆ ದಿನಾ ಫೋನ್ ಮಾಡುತ್ತಿದ್ದರು. ಕೇಳುತ್ತಿದ್ದದ್ದು ಪಂಚಮಿಯ ಸಾಮಾನು. ಹಬ್ಬಕ್ಕೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಮನೆಮನೆಯಲ್ಲಿ ಉಂಡಿ ಕಟ್ಟುತ್ತಾರೆ. ಅದಕ್ಕೆ ಶೇಂಗಾ, ಪುಟಾಣಿ ಎನ್ನುವ ಹುರಿಗಡಲೆ, ಎಳ್ಳು, ಕೊಬ್ಬರಿ, ಬೆಲ್ಲ ಬೇಕು. ಮಗಳನ್ನು ಕಳಿಸುವಾಗ ಕೊಡಲು ಸೀರೆ, ಕುಪ್ಪಸದ ಖಣ ಬೇಕು. ವರ್ಷದಲ್ಲಿ ಯಲಬುರ್ಗಾ ಅಂಗಡಿ ಜನರಿಂದ ತುಂಬುವುದು ಆ ವಾರದಲ್ಲಿ.

"ಉಳದದ್ದು ಏನೂ ಬ್ಯಾಡ್ರಿ, ಕೊಬ್ಬರಿ ಬೆಲ್ಲರೆ ಕಳಿಸ್ರಿ. ಮಂದಿ ಬಂದು ಬಂದು ಹೊಳ್ಳಿ ಹೊಂಟಾರ. ಅವರಿಗಿ ನಾಳಿ ಬರತಾವ, ನಾಳಿ ಬರತಾವ ಅಂತ ಹೇಳಿ ಹೇಳಿ ನನ್ನ ಬಾಯಿ ನನಗ ಹೇಸಿಗಿ ಆಗೇತಿ" ಎಂದು ಒಮ್ಮೆ ಅಂದರು. ಗೋದಾಮಿನಲ್ಲಿ ಇರಲಿಲ್ಲ. ಇಲ್ಲ ಎಂದೆ.

ಪಂಚಮಿಯ ವಾರ ಶುರುವಾದಾಗ ಗೋದಾಮಿಗೆ ಸಾಮಾನು ಬಂತು, ಎಲ್ಲವೂ ಒಟ್ಟಿಗೆ. ಕೊಬ್ಬರಿ, ಬೆಲ್ಲ, ಪುಟಾಣಿ, ಇಳಕಲ್ ಸೀರೆ, ಕುಕ್ಕರ್, ಗಾದಿ, ತಲೆದಿಂಬು. ಜೊತೆಗೆ ಕಿನ್ನಾಳದ ಕಟ್ಟಿಗೆ ಗೊಂಬೆಗಳು ಮತ್ತು ಆನೆಗೊಂದಿಯ ಬಾಳೆನಾರಿನ ಚೀಲಗಳು. ಗೊಂಬೆಯನ್ನೂ ಚೀಲವನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು 'ನಮ್ಮ ನೆಲದ ಸೊಗಡು' ಎಂದು ಫಲಕ ಹಾಕಬೇಕಂತೆ. ಅಷ್ಟೂ ಒಂದು ಟೆಂಪೊ ತುಂಬುವಷ್ಟಿತ್ತು. ನಾಲ್ಕು ಭಾಗ ಮಾಡಲು ನಾನು ಕೂತೆ. ವಿಭಾಗದ ಮ್ಯಾನೇಜರ್ ಬಂದು ತಡೆದರು.

ಮ್ಯಾನೇಜರ್ ನಾಲ್ಕೂ ಅಂಗಡಿಗಳ ಮೇಲಿನ ಅಧಿಕಾರಿ, ಹುಬ್ಬಳ್ಳಿ ಕಡೆಯವರು. ಅವರು ವಿವರಿಸಿದ್ದು ಹೀಗೆ. ಮಾಲೀಕರು ಇಬ್ಬರು ಅತಿಥಿಗಳನ್ನು ಕರೆದುಕೊಂಡು ಬರುತ್ತಾರೆ. ಮೊದಲ ದಿನ ಬೆಳಿಗ್ಗೆ ಗಂಗಾವತಿ, ಮಧ್ಯಾಹ್ನ ಕೊಪ್ಪಳ. ಮರುದಿನ ಯಲಬುರ್ಗಾ, ಆಮೇಲೆ ಕುಷ್ಟಗಿ. ಸಾಮಾನು ಭಾಗ ಮಾಡಿದರೆ ನಾಲ್ಕೂ ಕಡೆ ಅರ್ಧಂಬರ್ಧ ಕಾಣುತ್ತದೆ. ಆದ್ದರಿಂದ ಇಡೀ ಟೆಂಪೊ ಗಂಗಾವತಿಗೆ ಹೋಗಬೇಕು. ಅತಿಥಿಗಳು ಅಲ್ಲಿಂದ ಹೊರಟು ದಾರಿಯಲ್ಲಿ ಊಟಕ್ಕೆ ಕೂತಾಗ ಅದೇ ಸಾಮಾನು ಕೊಪ್ಪಳಕ್ಕೆ ಬರಬೇಕು. ಮರುದಿನ ಹಾಗೆಯೇ ಮುಂದಿನ ಎರಡಕ್ಕೆ. ಒಂದೇ ಸಾಮಾನು, ನಾಲ್ಕು ತುಂಬಿದ ಅಂಗಡಿ.

"ಅಲ್ಲೀತನಕಾ ಏನೂ ಮಾರಬ್ಯಾಡ್ರಿ. ತೋರಸೂದಷ್ಟ" ಎಂದರು.

ಹಬ್ಬದ ಮುಂದೆ ಗಿರಾಕಿ ಬಂದೇ ಬರುತ್ತಾರಲ್ಲ ಎಂದು ಕೇಳಿದೆ. ಗಿರಾಕಿಗಳ ವ್ಯವಸ್ಥೆಯೂ ಆಗಿದೆ ಎಂದರು. ಒಳಗೆ ಬಿಡಬೇಕಾದವರು ಕೆಲಸಗಾರರ ಮನೆಯವರು. ಪ್ರತಿಯೊಬ್ಬರೂ ಮನೆಯಿಂದ ಇಬ್ಬರನ್ನು ಒಳ್ಳೆಯ ಬಟ್ಟೆ ಉಡಿಸಿ ಕರೆತರಬೇಕು. ಅವರು ಗಾಡಿ ತಳ್ಳಿಕೊಂಡು ಸಾಮಾನು ತುಂಬಬೇಕು, ಬಿಲ್ಲಿನ ಸಾಲಿನಲ್ಲಿ ನಿಲ್ಲಬೇಕು. ಅತಿಥಿಗಳ ಕಾರು ಹೋದ ಮೇಲೆ ಎಲ್ಲ ವಾಪಸು.

ಟೆಂಪೊ ಚಾಲಕ ಗಂಗಾವತಿ ಬಳಿಯ ತೆಲುಗು ವಲಸಿಗರ ಕ್ಯಾಂಪಿನವನು, ಕನ್ನಡದ ನಡುವೆ ತೆಲುಗು ಹಾಕುತ್ತಿದ್ದ. ಹೇರುವಾಗ ಗಾದಿ ಹೊತ್ತು ನಿಂತು, "ಸಾರ್, ಈ ಗಾದಿಗಿ ಟಿಕೀಟ್ ತಗಸಬೇಕೇನ್ರಿ? ನಾಲ್ಕು ಊರು ತಿರಗತೈತಿ, ನಮ್ಮ ಅತ್ತಮ್ಮನಕಿಂತ ಜಾಸ್ತಿ" ಎಂದ. ಯಾರೂ ನಗಲಿಲ್ಲ. ಗೊಂಬೆಗಳನ್ನು ಕೌದಿಯಲ್ಲಿ ಸುತ್ತಿ ಅವನ ಪಕ್ಕದ ಸೀಟಿನಲ್ಲಿಟ್ಟೆವು. ನಾನು ಹಿಂದೆ ಗಾದಿಗಳ ನಡುವೆ ಕೂತೆ.

ಗಂಗಾವತಿಯಲ್ಲಿ ಎಲ್ಲವೂ ಮ್ಯಾನೇಜರ್ ಹೇಳಿದಂತೆಯೇ ನಡೆಯಿತು. ಮಾಲೀಕರು ಬಿಳಿ ಬೂಟು ಹಾಕಿಕೊಂಡು ಬಂದರು. ಅತಿಥಿಗಳಿಬ್ಬರೂ ಹೆಚ್ಚು ಮಾತಾಡಲಿಲ್ಲ. ಕಪಾಟಿಗಿಂತ ಹೆಚ್ಚಾಗಿ ಛಾವಣಿ, ಕಂಬ, ಬಾಗಿಲುಗಳನ್ನು ನೋಡಿದರು. ಕೆಲಸಗಾರರ ಹೆಂಡಂದಿರು, ತಾಯಂದಿರು ಗಾಡಿ ತಳ್ಳಿಕೊಂಡು ಅದೇ ಸಾಲುಗಳಲ್ಲಿ ಸುತ್ತುತ್ತಿದ್ದರು. ಸುತ್ತುತ್ತಿದ್ದವರನ್ನು ತೋರಿಸಿ ಮಾಲೀಕರು ಅತಿಥಿಗಳಿಗೆ, ಇದು ಬೆಳಗಿನ ಜನ, ಸಂಜೆ ಕಾಲಿಡಲು ಜಾಗ ಇರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಕಾರು ಹೋದ ಮೇಲೆ ಬಿಲ್ಲುಗಳನ್ನು ರದ್ದು ಮಾಡಿ ಗಾಡಿಗಳನ್ನು ಖಾಲಿ ಮಾಡತೊಡಗಿದೆವು. ಬಿಲ್ಲು ಹಾಕುವವನೊಬ್ಬನ ತಾಯಿ ವಯಸ್ಸಾದವರು. ಮಗ ಸರಿಯಾಗಿ ಹೇಳಿರಲಿಲ್ಲವೋ, ಹೇಳಿದ್ದು ಅವರಿಗೆ ಅರ್ಥವಾಗಿರಲಿಲ್ಲವೋ. ಕಾಗದ ಸುತ್ತಿದ ಒಂದು ಪೆಂಟಿ ಬೆಲ್ಲವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದರು. ಮ್ಯಾನೇಜರ್ ಅವರ ಮುಂದೆ ಹೋಗಿ ಕೈ ಚಾಚಿದರು. ಮುದುಕಿ ಮೊದಲು ಮಗನ ಮುಖ ನೋಡಿದರು. ಮಗ ನೆಲ ನೋಡುತ್ತಿದ್ದ. ಅವರು ಸೆರಗಿನ ಗಂಟು ಬಿಚ್ಚಿ ಬೆಲ್ಲ ಕೊಟ್ಟರು. ಮಧ್ಯಾಹ್ನ ಕೊಪ್ಪಳದ ಅಂಗಡಿಯಲ್ಲಿ ಆ ಪೆಂಟಿಯನ್ನು ಸಾಲಿನಲ್ಲಿ ಇಡುವಾಗ ಗುರುತು ಸಿಕ್ಕಿತು. ಮೇಲಿನ ಕಾಗದ ಅವರ ಮುಷ್ಟಿಯ ಬಿಗಿತಕ್ಕೆ ಮುದುಡಿತ್ತು.

ಮರುದಿನ ಬೆಳಕು ಹರಿಯುವಾಗ ಯಲಬುರ್ಗಾ ತಲುಪಿದೆವು. ಅಕ್ಕಾರು ಬಾಗಿಲಲ್ಲಿ ನಿಂತಿದ್ದರು. ಟೆಂಪೊದ ಹಿಂಬಾಗಿಲು ತೆಗೆದಾಗ ಕೊಬ್ಬರಿಯ ವಾಸನೆ ಬಂತು. ಅವರು ಚೀಲದ ಬಾಯಿ ಬಿಚ್ಚಿ ಒಂದು ಕೊಬ್ಬರಿ ಗಿಟುಕನ್ನು ಎತ್ತಿ ನೋಡಿದರು.

"ಛಲೋ ಮಾಲ ಐತಿ. ಇವೆಲ್ಲ ನಮಗ ಏನ್ರಿ?"

ಚಾಲಕ ನನಗಿಂತ ಮೊದಲೇ ಬಾಯಿ ಹಾಕಿದ. "ನಿಮಗ ಅಲ್ರಿ ಅಕ್ಕಾರ. ಇವು ಬೀಗರು. ಚಾ ಕುಡದು ಕುಷ್ಟಗಿಗಿ ಹೊಕ್ಕಾರ."

ನಾನು ಮ್ಯಾನೇಜರ್ ಹೇಳಿದ್ದನ್ನು ಹೇಳಿದೆ. ಅಕ್ಕಾರು ಗಿಟುಕನ್ನು ವಾಪಸು ಹಾಕಿದರು. ಮನೆಯವರನ್ನು ಕರೆಸಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಅತ್ತೆಗೆ ಸೀರೆ ಉಡಿಸಿ ಸುಳ್ಳು ಗಿರಾಕಿ ಮಾಡಿ ನಿಲ್ಲಿಸುವುದು ತನ್ನಿಂದಾಗದು, ಉಳಿದವರಿಗೂ ಹೇಳಿಲ್ಲ ಎಂದರು. ಸಿಟ್ಟಿರಲಿಲ್ಲ. ಹೆಣ್ಣುಮಕ್ಕಳನ್ನು ಕರೆದು ಕಪಾಟು ತುಂಬಿಸತೊಡಗಿದರು. ಬೇಗ ತುಂಬಿತು. ನಾನು ನೋಡಿದಂತೆ ಆ ಅಂಗಡಿ ಅಷ್ಟು ತುಂಬಿದ್ದು ಅದೇ ಮೊದಲ ಸಲ.

ಮಾಲೀಕರು ಬರುವುದು ತಡವಾಯಿತು. ಹೋಟೆಲಿನಲ್ಲಿ ನಾಷ್ಟಾ ಮುಗಿದಿಲ್ಲವೆಂದು ಫೋನ್ ಬಂತು. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನಿಂದ ಹಳ್ಳಿಯ ಹೆಂಗಸರು ಬರತೊಡಗಿದರು. ಗಾಜಿನ ಹೊರಗಿನಿಂದಲೇ ಕೊಬ್ಬರಿ ಚೀಲ ಕಾಣುತ್ತಿತ್ತು. ಬೇವೂರಿನಿಂದ ಬಂದಿದ್ದ ಒಬ್ಬ ಹಿರಿಯ ಹೆಂಗಸು ಮುಂದೆ ನಿಂತಿದ್ದರು. ಅವರು ಆ ವಾರ ಆಗಲೇ ಬಂದು ಖಾಲಿ ಕೈಯಲ್ಲಿ ಹೋದವರು. ಗಾಜಿನ ಮೇಲೆ ಬಳೆಯಿಂದ ಬಡಿದರು. ಅಕ್ಕಾರು ಬಾಗಿಲು ತೆಗೆದು, ಇವತ್ತು ಮಾರಾಟ ಇಲ್ಲ ಎಂದು ಹೇಳಲು ಶುರು ಮಾಡಿದರು. ಮುದುಕಿ ಕಪಾಟಿನ ಕಡೆ ಕೈ ತೋರಿಸಿದರು.

"ಅವೇನು ಮತ್ತ? ಕಣ್ಣಾಗ ನೋಡಿ ಹೋಗಾಕ ಇಟ್ಟೀಯೇನ ಯವ್ವಾ?"

ಅಕ್ಕಾರು ಒಮ್ಮೆ ಹಿಂದೆ ತಿರುಗಿ ತಮ್ಮ ಹುಡುಗಿಯರನ್ನು ನೋಡಿದರು. ಆಮೇಲೆ ಬಾಗಿಲಿನ ಎರಡೂ ಪಕ್ಕ ತೆರೆದು ಬದಿಗೆ ಸರಿದರು.

ನಾನು ಹತ್ತಿರ ಹೋಗಿ, ಮ್ಯಾನೇಜರ್‌ಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂದೆ. ಅವರು ಬಿಲ್ಲಿನ ಯಂತ್ರ ಚಾಲೂ ಮಾಡುತ್ತಲೇ ಹೇಳಿದರು: "ವ್ಯಾಪಾರ ಇಲ್ಲ ಅಂತ ಅಂಗಡಿ ಮುಚ್ಚಾಕ ಹೊಂಟಾರಲ್ರಿ. ಧಣೇರು ಬರಲಿ, ಕಣ್ಣಿಲೆ ನೋಡಲಿ. ಮಾಲ ಕೊಟ್ರ ಈ ಊರಾಗ ವ್ಯಾಪಾರ ಐತೋ ಇಲ್ಲೋ ಅಂತ. ಇದಕಿಂತ ಛಲೋ ಹೊತ್ತು ನನಗ ಮತ್ತ ಬರೂದಿಲ್ಲ."

ಅವರ ಲೆಕ್ಕ ಅದಾಗಿತ್ತು. ಮಾಲೀಕರಿಗೆ ಸತ್ಯ ಗೊತ್ತಿಲ್ಲ, ಮ್ಯಾನೇಜರ್ ಮುಚ್ಚಿಡುತ್ತಿದ್ದಾರೆ, ಒಮ್ಮೆ ಕಣ್ಣಾರೆ ಕಂಡರೆ ಅಂಗಡಿ ಉಳಿಯುತ್ತದೆ ಎಂದು ಅವರು ನಂಬಿದ್ದರು. ನಮ್ಮಲ್ಲಿ ಬಹಳ ಜನ ಹಾಗೆಯೇ ನಂಬಿದ್ದೆವು.

ಮಾಲೀಕರ ಕಾರು ಬರುವ ಹೊತ್ತಿಗೆ ಕೊಬ್ಬರಿ ಮುಗಿದಿತ್ತು. ಬೆಲ್ಲ ಮುಗಿಯುತ್ತಾ ಬಂದಿತ್ತು. ಸೀರೆಯ ಕಪಾಟಿನಲ್ಲಿ ಸಂದುಗಳಿದ್ದವು. ಒಳಗೆ ಜನ ಒತ್ತಾಗಿ ನಿಂತಿದ್ದರು, ಬಿಲ್ಲಿನ ಸಾಲು ಬಾಗಿಲ ಹೊರಗೆ ಮೆಟ್ಟಿಲವರೆಗೆ ಬಂದಿತ್ತು. ಮ್ಯಾನೇಜರ್ ಕಾರಿನಿಂದ ಇಳಿದು ಸಾಲನ್ನು ನೋಡಿ ಮೊದಲು ನಕ್ಕರು. ಮನೆಯವರನ್ನು ಇಷ್ಟೊಂದು ಕರೆಸಿದ್ದಾರೆ ಎಂದುಕೊಂಡಿರಬೇಕು. ಒಳಗೆ ಬಂದು ಕಪಾಟು ನೋಡಿದ ಮೇಲೆ ನಗು ಹೋಯಿತು.

ಅತಿಥಿಗಳಲ್ಲಿ ಒಬ್ಬರು ಖಾಲಿ ಚೀಲಗಳನ್ನು ತೋರಿಸಿ ಇದೇನು ಎಂದು ಕೇಳಿದರು. ಅಕ್ಕಾರು ಮುಂದೆ ಬಂದು ಮಾಲೀಕರಿಗೆ ಕೈ ಮುಗಿದು, "ಮುಂಜಾನೆಯಿಂದ ಮಾರ್ಯಾವ್ರಿ. ಇನ್ನ ಅಷ್ಟು ಕಳಿಸಿದ್ರೂ ಸಂಜಿಕ ಉಳಿಯೂದಿಲ್ರಿ" ಎಂದರು. ಮಾಲೀಕರು ಅತಿಥಿಗಳ ಕಡೆ ತಿರುಗಿ ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಹೇಳಿ, ಅಕ್ಕಾರನ್ನು ನೋಡಿ ಹಲ್ಲು ಕಾಣುವಂತೆ ನಕ್ಕರು. ಅತಿಥಿ ಮಾಲೀಕರ ಮುಂದಿನ ಮಾತನ್ನು ಕೇಳದೆ, ಈ ಕಟ್ಟಡದ ಬಾಡಿಗೆಯ ಕರಾರು ಇನ್ನೂ ಎಷ್ಟು ವರ್ಷ ಇದೆ ಎಂದು ಅರೆಬರೆ ಕನ್ನಡದಲ್ಲಿ ಅಕ್ಕಾರನ್ನೇ ಕೇಳಿದರು. ಅಕ್ಕಾರಿಗೆ ಗೊತ್ತಿರಲಿಲ್ಲ. ಅತಿಥಿ ಹೊರಗೆ ಹೋಗಿ ಕಾರು ನಿಲ್ಲಿಸುವ ಜಾಗದ ಫೋಟೊ ತೆಗೆದುಕೊಂಡರು.

ಮಾಲೀಕರು ಹೊರಗೆ ನಿಂತು ಮ್ಯಾನೇಜರ್‌ಗೆ ಏನೋ ಹೇಳಿದರು. ನಾನು ಟೆಂಪೊದ ಮಗ್ಗುಲಲ್ಲಿದ್ದೆ. ಕೇಳಿಸಿದ್ದು ಒಂದು ವಾಕ್ಯ: ಇದೇ ಟೆಂಪೊ ಕುಷ್ಟಗಿಗೆ ಹೋಗಬೇಕು, ಅಲ್ಲಿ ಹೀಗೆ ಖಾಲಿ ಕಾಣಬಾರದು, ಎಲ್ಲಿಂದಾದರೂ ತುಂಬಿಸಿ. ಅವರಿಗೆ ಸತ್ಯ ಗೊತ್ತಿಲ್ಲ ಎಂಬ ನಮ್ಮ ನಂಬಿಕೆ ಅಲ್ಲಿಗೆ ಮುಗಿಯಿತು. ಒಂದೇ ಟೆಂಪೊ ಸಾಮಾನು ಎಂಬುದು ಅವರಿಗೆ ಗೊತ್ತಿತ್ತು. ಯೋಜನೆ ಅವರದೇ.

ಆಮೇಲೆ ನಡೆದದ್ದನ್ನು ಬೇರೆ ಯಾವ ವ್ಯಾಪಾರದಲ್ಲೂ ನಾನು ನೋಡಿಲ್ಲ. ಕಾರನ್ನು ಊರಿನ ಆಚೆ ಎಳನೀರಿಗೆ ನಿಲ್ಲಿಸುವ ವ್ಯವಸ್ಥೆಯಾಯಿತು. ಮ್ಯಾನೇಜರ್ ಉಳಿದರು. ಬಿಲ್ಲು ನಿಲ್ಲಿಸಿದರು, ಸಾಲಿನಲ್ಲಿದ್ದವರ ಕೈಯಿಂದ ಸಾಮಾನು ಇಸಿದುಕೊಂಡರು. ಅದು ಸಾಲಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ಮಾರಿದ ಸಾಮಾನನ್ನು ವಾಪಸು ತನ್ನಿ, ಕೊಟ್ಟ ದುಡ್ಡು ತಿರುಗಿ ಕೊಡುತ್ತೇವೆ ಎನ್ನಿ ಎಂದು ನನ್ನನ್ನೂ ಚಾಲಕನನ್ನೂ ಕಳಿಸಿದರು.

ಹೋದೆವು. ಬೇವೂರಿನ ಮುದುಕಿ ಬಸ್ಸಿನ ನೆರಳಿನಲ್ಲಿ ಚೀಲದ ಮೇಲೆಯೇ ಕೂತಿದ್ದರು. ಚಾಲಕ ತಲೆ ಕೆರೆದುಕೊಂಡು ವಿಷಯ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು.

"ಕೊಟ್ಟ ಕೊಬ್ಬರಿ ಹೊಳ್ಳಿ ಕೇಳಾಕ ನೀನೇನು ನನ್ನ ಮಗಳ ಅತ್ತಿಯೇನೋ ತಮ್ಮಾ?"

ಸುತ್ತ ಕೂತಿದ್ದ ಹೆಂಗಸರು ನಕ್ಕರು. ಚಾಲಕನೂ ನಕ್ಕ. ಅಕ್ಕಪಕ್ಕದವರು ತಮ್ಮ ಗಂಟುಗಳನ್ನು ಕಾಲಿನ ಹತ್ತಿರಕ್ಕೆ ಎಳೆದುಕೊಂಡದ್ದು ಕಂಡಿತು. ನಾನು ಇನ್ನೊಬ್ಬರನ್ನು ಕೇಳಲಿಲ್ಲ. ಚಾಲಕ ಹೇಳಿದ, "ನಡ್ರಿ ಸಾರ್, ಸಿಗ್ಗು ಅನ್ನೂದು ಸ್ವಲ್ಪರೆ ಉಳೀಲಿ." ಬರಿಗೈಯಲ್ಲಿ ಬಂದೆವು.

ಅಂಗಡಿಯಲ್ಲಿ ಮ್ಯಾನೇಜರ್ ಅಕ್ಕಾರಿಗೆ, ನಾಳೆಯಿಂದ ಬರುವುದು ಬೇಡ ಎಂದು ಆಗಲೇ ಹೇಳಿದ್ದರು. ಅಕ್ಕಾರು ಕೀಲಿಗೊಂಚಲನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಿದ್ದರು, ಆದರೆ ಹೋಗಿರಲಿಲ್ಲ.

"ಯಾಕ ಬಿಡಿಸೀರಿ ಅಂತ ಇವರೆಲ್ಲರ ಮುಂದ ಒಮ್ಮೆ ಹೇಳಿಬಿಡ್ರಿ ಸಾಹೇಬ್ರ. ಹೇಳ್ರಿ, ಹೋಗತೀನಿ."

"ಮಾತು ಕೇಳಲಿಲ್ಲ, ಅದಕ್ಕ" ಎಂದರು ಮ್ಯಾನೇಜರ್.

"ಯಾವ ಮಾತು?"

ಮ್ಯಾನೇಜರ್ ಸುತ್ತ ನಿಂತವರನ್ನು ನೋಡಿದರು. ಬಾಗಿಲಲ್ಲಿ ಗಿರಾಕಿಗಳು ಇನ್ನೂ ನಿಂತಿದ್ದರು. ಅಂಗಡಿಯವಳು ಮಾರಿದಳು, ಅದಕ್ಕೆ ತೆಗೆದೆವು ಎಂದು ಗಿರಾಕಿಗಳ ಮುಂದೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಫೋನ್ ಬಂತೆಂದು ಹೊರಗೆ ಹೋದರು. ಫೋನ್ ಬಂದಿರಲಿಲ್ಲ.

ಉಳಿದ ಗಾದಿ, ಕುಕ್ಕರ್, ಸೀರೆ, ಗೊಂಬೆಗಳನ್ನು ಹೇರಿಕೊಂಡು ನಾವು ಕುಷ್ಟಗಿಗೆ ಓಡಿದೆವು. ಅಲ್ಲಿ ಅರ್ಧ ಕಪಾಟು ತುಂಬುವಷ್ಟರಲ್ಲಿ ಕಾರು ಬಂತು. ಒಳಗೆ ಯಾರೂ ಬರಲಿಲ್ಲ. ಮಾಲೀಕರು ಕಾರಿನಲ್ಲೇ ಕೂತು ಕಿಟಕಿಯ ಗಾಜು ಇಳಿಸಿದರು. ಅತಿಥಿಗಳಲ್ಲಿ ಒಬ್ಬರು ಮಾತ್ರ ಇಳಿದು, ಕಟ್ಟಡದ ಮುಂಭಾಗವನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ಪಕ್ಕದ ಖಾಲಿ ನಿವೇಶನ ಯಾರದ್ದು ಎಂದು ಕೇಳಿ ಹತ್ತಿಕೊಂಡರು. ಕಾರು ಹೆದ್ದಾರಿಯ ಕಡೆ ಹೋಯಿತು. ಕುಷ್ಟಗಿಯ ಕೆಲಸಗಾರರ ಮನೆಯವರು ಖಾಲಿ ಗಾಡಿ ಹಿಡಿದು ಒಳಗೆ ನಿಂತೇ ಇದ್ದರು. ಹೋಗಬಹುದು ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಗುಂಪಿನಲ್ಲಿ ಮಾಲೀಕರ ಸಂದೇಶವಿತ್ತು. ಭೇಟಿ ಯಶಸ್ವಿಯಾಯಿತು, ಕುಟುಂಬಕ್ಕೆ ಧನ್ಯವಾದ, ಒಬ್ಬರು ತಾವಾಗಿಯೇ ಕೆಲಸ ಬಿಟ್ಟಿದ್ದಾರೆ, ಅವರಿಗೆ ಶುಭವಾಗಲಿ. ಅದರ ಕೆಳಗೆ ಜನ ಒಬ್ಬರ ಹಿಂದೆ ಒಬ್ಬರಂತೆ ಕೈ ಮುಗಿದ ಚಿತ್ರ ಹಾಕಿದರು. ಅಕ್ಕಾರು ಒಂದೇ ಸಾಲು ಬರೆದರು: "ನಾನು ಬಿಟ್ಟಿಲ್ಲ, ಬಿಡಿಸ್ಯಾರ. ಮಾರಿದ್ದಕ್ಕ." ಸ್ವಲ್ಪ ಹೊತ್ತಿನಲ್ಲಿ ಅವರ ನಂಬರನ್ನು ಗುಂಪಿನಿಂದ ತೆಗೆದರು. ನಾನು ಆ ತಿಂಗಳ ಕೊನೆಗೆ ಕೆಲಸ ಬಿಟ್ಟೆ.

ದಸರೆಯ ಹೊತ್ತಿಗೆ ಯಲಬುರ್ಗಾ ಅಂಗಡಿ ಮುಚ್ಚಿತು. ಸಂಕ್ರಾಂತಿಯ ಮೊದಲು ಗಂಗಾವತಿಯ ಕಟ್ಟಡಕ್ಕೆ ಬೇರೆ ಕಂಪನಿಯ ಫಲಕ ಬಂತು. ಆ ಇಬ್ಬರು ಅತಿಥಿಗಳು ಆ ಕಂಪನಿಯವರು. ಅವರು ಕೊಂಡದ್ದು ಬಾಡಿಗೆಯ ಕರಾರನ್ನು. ಸಾಮಾನನ್ನಾಗಲಿ, ಕೆಲಸಗಾರರನ್ನಾಗಲಿ ತೆಗೆದುಕೊಳ್ಳಲಿಲ್ಲ.

ಅಕ್ಕಾರು ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟಿದ್ದಾರೆ. ಕೆಲಸ ವಾಪಸು ಸಿಗುವಂತಿಲ್ಲ, ಅಂಗಡಿಯೇ ಇಲ್ಲ. ತಾನು ಬಿಟ್ಟದ್ದಲ್ಲ, ಮಾರಿದ್ದಕ್ಕೆ ಬಿಡಿಸಿದರು ಎಂದು ಕಂಪನಿ ಒಪ್ಪಬೇಕು ಎಂಬುದು ಅವರ ಕೋರಿಕೆ. ಅವರು ಸ್ವಇಚ್ಛೆಯಿಂದ ಹೋದರು ಎಂಬುದು ಕಂಪನಿಯ ನಿಲುವು. ಸಾಕ್ಷಿಗಳಲ್ಲಿ ನಾನೂ ಚಾಲಕನೂ ಇದ್ದೇವೆ. ಹಿಂದಿನ ವಿಚಾರಣೆ ಕೊಪ್ಪಳದಲ್ಲಿ ಕಳೆದ ತಿಂಗಳು ಇತ್ತು. ಅಕ್ಕಾರು ಯಲಬುರ್ಗಾದಿಂದ ಮೊದಲ ಬಸ್ಸಿಗೆ ಬಂದಿದ್ದರು. ಮಧ್ಯಾಹ್ನದವರೆಗೆ ಕಾದೆವು. ಕಂಪನಿಯ ಕಡೆಯಿಂದ ಯಾರೂ ಹಾಜರಾಗಲಿಲ್ಲ. ವಿಚಾರಣೆಯನ್ನು ದೀಪಾವಳಿಯ ನಂತರಕ್ಕೆ ಮುಂದೂಡಲಾಗಿದೆ.